ಕೋಟಿನ ಕೊನೆಯ ಗುಂಡಿ

ಇದು ನಡೆದ ಕತೆ. ನಂಬದವರು ಪಿ.ಟಿ. ಮೇಷ್ಟ್ರ ಮನೆಗೆ ಹೋಗಿ ಆ ನೀಲಿ ಕೋಟನ್ನು ನೋಡಬಹುದು. ಅದರ ಕೊನೆಯ ಗುಂಡಿ ಇವತ್ತಿಗೂ ಇಲ್ಲ.

ಕಸರತ್ತಿನ ಸ್ಪರ್ಧೆಗಳಿಗೆ ತೀರ್ಪುಗಾರರಾಗುವ ಪರೀಕ್ಷೆಯಲ್ಲಿ ಮೇಷ್ಟ್ರು ಎರಡು ಸಲ ಡುಮ್ಕಿ ಹೊಡೆದಿದ್ದರು. ಅವರು ಹಾಕುವ ಅಂಕದಲ್ಲಿ ತಪ್ಪಿರಲಿಲ್ಲ, ತಪ್ಪೆಲ್ಲ ಮುಖದ್ದು. ಯಾರಾದರೂ ಜಾರಿದರೆ "ಅಯ್ಯೋ ಕಂದಾ" ಎಂದು ಎದ್ದು ಓಡುತ್ತಿದ್ದರು. ಚೆನ್ನಾಗಿ ಲಾಗ ಹಾಕಿದರೆ ಬಾಯಿತುಂಬ ನಗುತ್ತಿದ್ದರು. ತೀರ್ಪುಗಾರನಿಗೆ ಎರಡೂ ಕೂಡದು. ಇದು ಕೊನೆಯ ಅವಕಾಶ. ಸರ್ಟಿಫಿಕೇಟು ಬರದಿದ್ದರೆ ಮಕ್ಕಳಿಗೆ ಕಸರತ್ತು ಕಲಿಸುವುದು ಬಿಟ್ಟು ಸ್ಟೋರ್ ರೂಮಿನಲ್ಲಿ ಚೆಂಡಿಗೆ ಗಾಳಿ ತುಂಬುತ್ತ ಕೂರಬೇಕೆಂದು ಹೆಡ್‌ಮಾಸ್ಟರು ಹೇಳಿಬಿಟ್ಟಿದ್ದರು.

ಪರೀಕ್ಷೆಯ ಬೆಳಿಗ್ಗೆ ಟೈಲರ್ ಭಾಮೈದ ತಾನೇ ಹೊಲಿದ ಕೋಟು ತೊಡಿಸುತ್ತ ಪಿಸುಗುಟ್ಟಿದ. "ಭಾವ, ಒಳಗಿನ ಸುದ್ದಿ. ಈ ಸಲ ಬೇಕಂತಲೇ ಬೀಳ್ತಾರಂತೆ, ಕಿರುಚಾಡ್ತಾರಂತೆ. ಎಲ್ಲಾ ನಾಟಕ, ನಿಮ್ಮ ಮುಖ ನೋಡೋಕೆ."

"ನಿಂಗ್ಯಾರು ಹೇಳಿದ್ದು?"

"ಪರೀಕ್ಷಕರ ಪ್ಯಾಂಟು ಹೊಲಿಯೋನು ನಾನೇ ಅಲ್ವಾ."

"ಕೋಟು ಬಿಗಿ ಆಯ್ತು ಕಣೋ. ಉಸಿರಾಡೋಕಾಗ್ತಿಲ್ಲ."

"ಉಸಿರಾಡಿದ್ರೆ ತಾನೇ ನಗು ಬರೋದು."

ಪರೀಕ್ಷೆಯ ಹಾಲ್‌ನಲ್ಲಿ ಮುಖ್ಯ ಪರೀಕ್ಷಕರು ಎಚ್ಚರಿಸಿದರು. "ಕೋಟು ಬಿಚ್ಚೋವರೆಗೂ ಪರೀಕ್ಷೆ ನಡೀತಾನೇ ಇರುತ್ತೆ. ನೆನಪಿರಲಿ."

ಒಬ್ಬರ ಹೆಗಲ ಮೇಲೊಬ್ಬರು ಹತ್ತಿ ಮೂವರು ಕಸರತ್ತುಪಟುಗಳ ಗೋಪುರ ಎದ್ದಿತು. ಕೆಳಗಿನವನಿಗೆ ಸೀನು ಬಂತು. ಗೋಪುರ ನೆನೆದ ಗೋಡೆಯಂತೆ ವಾಲಿ ತೀರ್ಪುಗಾರರ ಮೇಜಿನತ್ತ ಕುಸಿಯಿತು. ತುದಿಯವನು ಪರೀಕ್ಷಕರ ಮೇಲೆ, ಪರೀಕ್ಷಕರು ಕುರ್ಚಿ ಸಮೇತ ನೆಲದ ಮೇಲೆ. ಉಳಿದ ಅಭ್ಯರ್ಥಿಗಳೆಲ್ಲ ಎದ್ದು ಓಡಿಬಂದರು.

"ಮೇಷ್ಟ್ರೇ, ನನ್ನ ಕಾಲು. ಸ್ವಲ್ಪ ಎತ್ರೀ," ಎಂದು ಪರೀಕ್ಷಕರು ನರಳಿದರು.

ಎಂಥ ಅಭಿನಯ ಅಂದುಕೊಂಡ ಮೇಷ್ಟ್ರು ಕಲ್ಲುಕಂಬದಂತೆ ಕೂತೇ ಮೂವರಿಗೂ ಅಂಕ ಕಳೆದರು. ಪರೀಕ್ಷಕರು ಬಿದ್ದದ್ದಕ್ಕೂ ಅರ್ಧ ಅಂಕ ಕಳೆದರು, ಬೀಳುವಾಗ ಮಂಡಿ ಮಡಿಚಿತ್ತೆಂದು.

ಸಂಜೆ, ಕಾಲಿಗೆ ಪಟ್ಟಿ ಸುತ್ತಿಸಿಕೊಂಡ ಪರೀಕ್ಷಕರು ಸರ್ಟಿಫಿಕೇಟಿಗೆ ಸಹಿ ಹಾಕಲು ಪೆನ್ನು ತೆರೆದರು. "ನಿಮ್ಮನ್ನ ಮನುಷ್ಯ ಅನ್ನೋಕೆ ಮನಸ್ಸು ಬರ್ತಿಲ್ಲ. ತೀರ್ಪುಗಾರ ಅಂತ ಮಾತ್ರ ಅನ್ನಲೇಬೇಕು. ನೀವೊಬ್ರೇ ಪಾಸು."

ಫಲಿತಾಂಶ ಕೇಳಲು ಬಂದಿದ್ದ ಭಾಮೈದ ಅವರ ಕಾಲಿನ ಪಟ್ಟಿ ನೋಡಿ ಬೆವತ. "ಭಾವ, ನಾಟಕ ಅಂತ ನಾನು ತಮಾಷೆಗೆ ಹೇಳಿದ್ದು. ಇವ್ರು ನಿಜವಾಗ್ಲೂ ಬಿದ್ರಾ?"

ಮೇಷ್ಟ್ರೂ ಆ ಕಾಲು ನೋಡಿದರು. ತಾವು ಕಳೆದ ಅರ್ಧ ಅಂಕ ನೆನೆದರು. ಅಳು ಬರಬೇಕಿತ್ತು, ಬಂದದ್ದು ನಗು, ಬೆಳಗಿನಿಂದ ಬಿಗಿ ಕೋಟಿನೊಳಗೆ ಅದುಮಿಟ್ಟಿದ್ದ ನಗು. ಕೊನೆಯ ಗುಂಡಿ ಚಿಮ್ಮಿ ಪರೀಕ್ಷಕರ ಕನ್ನಡಕಕ್ಕೆ ಟಣ್ಣನೆ ತಗುಲಿತು.

"ಸಾರ್, ಕೋಟು ಬಿಚ್ಚಿಕೊಳ್ತಲ್ಲ. ಪರೀಕ್ಷೆ ಮುಗೀತು ತಾನೇ?" ಎಂದ ಭಾಮೈದ.

"ನಗು ಮೊದಲು ಬಂತು. ಗುಂಡಿ ಆಮೇಲೆ ಹೋಯ್ತು." ಪರೀಕ್ಷಕರು ಸಹಿ ಹಾಕದೆಯೇ ಪೆನ್ನಿಗೆ ಮುಚ್ಚಳ ಹಾಕಿದರು.

ಭಾಮೈದ ತಡೆಯಲಾರದೆ ನಕ್ಕ. ಪರೀಕ್ಷಕರೂ ಕಾಲು ಹಿಡಿದುಕೊಂಡು ನಕ್ಕರು. ಆದರೆ ನಾಳೆಯಿಂದ ಚೆಂಡುಗಳಿಗೆ ತುಂಬಬೇಕಾದ ಗಾಳಿಯನ್ನೆಲ್ಲ ಇವತ್ತೇ ಖರ್ಚು ಮಾಡುವವರಂತೆ, ಕಣ್ಣೊರೆಸಿಕೊಳ್ಳುತ್ತ, ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವರು ಮೇಷ್ಟ್ರೇ.