ಕೈಯಿಂದ ಎರಡು, ನೆಲದಿಂದ ಮೂರು

ಹೊಸ ಆಟ ಕಲಿಸುವವರಿಗೆ ನಿಯಮ ಗೊತ್ತಿದ್ದರೆ ಸಾಲದು. ಕಲಿಯುವವರಿಗೆ ಹಳೆಯ ಆಟ ಗೊತ್ತಿರಬಾರದು. ನಮ್ಮ ಮನೆಯಲ್ಲಿ ಎಲ್ಲರಿಗೂ ರಮ್ಮಿ ಗೊತ್ತಿತ್ತು.

ಮಧುಗಿರಿ ಬೆಟ್ಟ ಹತ್ತಲು ಮರುದಿನ ಬರಗೂರಿನಿಂದ ಮೂವರು ನೆಂಟರು ಬರುವವರಿದ್ದರು. ಬೇಸಿಗೆ, ಮೇಲಾಗಿ ಬರೀ ಬಂಡೆ. ಜೊತೆಗೆ ಹೋಗಲು ದೊಡ್ಡಪ್ಪ, ದೊಡ್ಡಮ್ಮ, ಬಾವ, ನಾನು, ಯಾರಿಗೂ ಮನಸ್ಸಿಲ್ಲ. ಪೋಕರ್ ಆಡೋಣ, ಹಣದ ಬದಲು ಕಡಲೆಕಾಯಿ ಕಟ್ಟೋಣ, ಯಾರದು ಮೊದಲು ಖಾಲಿಯೋ ಅವರು ಹತ್ತಲಿ ಎಂದೆ. ಬಾವ ಪಾವಗಡದಿಂದ ಒಂದು ಚೀಲ ತಂದಿದ್ದರು.

೧. ಹೋಲ್ಡೆಮ್

ಪೋಕರಿನ ಮೊದಲ ಬಗೆ ಇದು. ಕೈಗೆ ಎರಡು ಎಲೆ. ಚಾಪೆಯ ಮೇಲೆ ಬಿಚ್ಚಿಟ್ಟ ಐದು ಎಲ್ಲರಿಗೂ ಸೇರಿದ್ದು. ಏಳರಲ್ಲಿ ಒಳ್ಳೆಯ ಐದನ್ನು ಲೆಕ್ಕಕ್ಕೆ ಹಿಡಿಯಬೇಕು. ಇಷ್ಟು ಹೇಳಿ ಎಕ್ಕ ಬಿಚ್ಚಿದೆ. ದೊಡ್ಡಪ್ಪ ಅದನ್ನೆತ್ತಿ ತಮ್ಮ ಕೈಯೊಳಗೆ ಸೇರಿಸಿಕೊಂಡು, ಬೇಡದ ಎಲೆಯೊಂದನ್ನು ಕೆಳಗಿಟ್ಟರು. ಹಾಗೆ ಎತ್ತಬಾರದು ಎಂದೆ.

"ಎಲ್ರಿಗೂ ಸೇರಿದ್ದು ಅಂದ್ಯಲ್ಲಮ್ಮ. ನನ್ನ ಪಾಲು ನಾನು ತಗೊಂಡೆ."

೨. ಪೈನಾಪಲ್

ಇದರಲ್ಲಿ ಕೈಗೆ ಮೂರು ಎಲೆ. ಒಂದನ್ನು ಬಿಸಾಡಿ ಉಳಿದೆರಡರಲ್ಲಿ ಹೋಲ್ಡೆಮ್‌ನಂತೆಯೇ ಆಡುವುದು. ದೊಡ್ಡಮ್ಮ ಹಾಲಿನ ಕವರನ್ನೂ ತೊಳೆದು ಒಣಗಿಸಿಡುವವರು. ನಾಲ್ಕಾಟ ಆಗುವಷ್ಟರಲ್ಲಿ ಇಸ್ಪೀಟಿನ ಕಟ್ಟು ಕೈಗೆ ತೆಳ್ಳಗೆನಿಸಿತು. ಚಾಪೆ ಎತ್ತಿ ನೋಡಿದರೆ, ಅವರು ಬಿಸಾಡಬೇಕಿದ್ದ ಎಲೆಗಳೆಲ್ಲ ಅಲ್ಲೇ ಇದ್ದವು.

"ಇರ್ಲಿ ಬುಡು, ಮುಂದೆ ಯಾವುದಕ್ಕಾದ್ರೂ ಆಯ್ತದೆ" ಎಂದರು.

೩. ಒಮಾಹ

ಕೈಗೆ ನಾಲ್ಕು ಎಲೆ. ಆದರೆ ಲೆಕ್ಕಕ್ಕೆ ಕೈಯಿಂದ ಎರಡೇ, ನೆಲದಿಂದ ಮೂರೇ. ಇದನ್ನು ಎರಡು ಸಲ ಹೇಳಿದ್ದೆ. ದೊಡ್ಡಪ್ಪ ಎಲೆ ಎತ್ತಿ ನೋಡಿದವರೇ ಮೀಸೆ ತಿರುವಿ, ತಮ್ಮ ಕಡಲೆಕಾಯಿಯನ್ನೆಲ್ಲ ನಡುವೆ ಸುರಿದರು. ಬಾವನೂ ಅಷ್ಟೇ ಹಾಕಿದರು. ನೆಲದ ಐದೆಲೆಯಲ್ಲಿ ಎರಡು ಒಂಬತ್ತು ಬಿದ್ದವು. ದೊಡ್ಡಪ್ಪ ಒಂದೊಂದಾಗಿ ನಾಲ್ಕು ರಾಜರನ್ನು ಚಾಪೆಯ ಮೇಲೆ ಸಾಲಾಗಿ ಕೂರಿಸಿದರು.

ಅದರಲ್ಲಿ ಎರಡೇ ಲೆಕ್ಕಕ್ಕೆ ಎಂದೆ. ಬಾವನ ಕೈಯಲ್ಲೊಂದು ಒಂಬತ್ತಿತ್ತು. ನೆಲದ್ದೂ ಸೇರಿ ಮೂರು ಒಂಬತ್ತು; ಎರಡು ಜೋಡಿಗಿಂತ ಅದು ದೊಡ್ಡದು, ಗೆದ್ದರು. ದೊಡ್ಡಪ್ಪನ ಕಡಲೆಕಾಯಿ ಖಾಲಿ.

"ಮಿಕ್ಕಿಬ್ರು ರಾಜರು ಏನ್ ಮಾಡ್ಬೇಕು?"

"ಸುಮ್ನೆ ಕೂತ್ಕೋಬೇಕು, ದೊಡ್ಡಪ್ಪ. ಅದೇ ರೂಲು."

ದೊಡ್ಡಪ್ಪ ಬೆಟ್ಟದ ಕಡೆ ನೋಡಿದರು. ಆಮೇಲೆ, ನಾಳೆ ಎಷ್ಟು ಜನ ಬರುತ್ತಾರೆ ಎಂದು ಕೇಳಿದರು. ಮೂವರು ಎಂದೆ.

"ಅಂಗಾದ್ರೆ ಹೊರಗಿನ್ ಮೂವರಿಗೆ ಮನೆಯಿಂದ ಇಬ್ರು ಕಣಮ್ಮ. ನಾನೊಬ್ಬ, ರೂಲು ಮಾಡ್ದೋಳು ನೀನೊಬ್ಳು. ಮಿಕ್ಕಿಬ್ರು ಸುಮ್ನೆ ಕೂತ್ಕೊಳ್ಲಿ."

ಬಾವ ಕಡಲೆಕಾಯಿ ಸುಲಿಯುತ್ತ, ರೂಲು ಸರಿಯಾಗಿದೆ ಎಂದರು.