ನಾನು ಕಲಿಸಿದ ಲೇಸಿನ ಗಂಟು

ತನ್ನ ದಡ್ಡತನ ಗೊತ್ತಾಗುವುದಕ್ಕೂ ಮನುಷ್ಯನಿಗೆ ಒಂದು ವಯಸ್ಸಿರಬೇಕು. ಇಪ್ಪತ್ತರಲ್ಲಿ ಗೊತ್ತಾದರೆ ತಿದ್ದಿಕೊಳ್ಳಬಹುದು, ಎಂಬತ್ತರಲ್ಲಾದರೆ ಮರೆತುಬಿಡಬಹುದು. ನನಗೆ ಗೊತ್ತಾದದ್ದು ಐವತ್ತೈದರಲ್ಲಿ, ಅದೂ ಹೆಂಡತಿಯ ಎದುರಿಗೆ.

ನಾನು ಗಡಿಯ ಹಳ್ಳಿ ತಿಕೋಂಡಿಯ ಕನ್ನಡ ಸಾಲಿಯಲ್ಲಿ ಒಂದನೇ ಇಯತ್ತೆಯ, ಅಂದರೆ ಒಂದನೇ ತರಗತಿಯ, ಮಾಸ್ತರ. ಲೆಕ್ಕದಲ್ಲಿ ಅಷ್ಟಕ್ಕಷ್ಟೇ, ಹಾಡಿದರೆ ಮಕ್ಕಳು ಅಳುತ್ತಾರೆ. ಆದರೆ ಬೂಟಿನ ಲೇಸು ಕಟ್ಟಲು ಕಲಿಸುವುದರಲ್ಲಿ ನನಗೆ ಹೆಸರಿತ್ತು. "ಗುರೂಜಿ ಹೇಳಿಕೊಟ್ಟಾಂಗ ಕಟ್ಟು" ಎಂದು ತಾಯಂದಿರು ಮಕ್ಕಳನ್ನು ಗದರುತ್ತಿದ್ದರು. ಹಾಗೆ ಕಟ್ಟಿದ್ದು ದಿನಕ್ಕೆ ಐದಾರು ಸಲ ಬಿಚ್ಚುತ್ತಿತ್ತು, ನಿಜ. ಲೇಸಿನ ಸ್ವಭಾವವೇ ಬಿಚ್ಚುವುದು ಎಂದು ನಂಬಿದ್ದೆ. ಒಮ್ಮೆ ಸಾಲಿ ತಪಾಸಣೆಗೆ ಬಂದ ಸಾಹೇಬರೊಬ್ಬರ ಎದುರು ಮೂರು ಸಲ ಬಗ್ಗಿ ಲೇಸು ಕಟ್ಟಿಕೊಂಡೆ. ಅವರು ನಮಸ್ಕಾರವೆಂದು ತಿಳಿದು ಮೂರೂ ಸಲ ಆಶೀರ್ವಾದ ಮಾಡಿದರು.

ಕಳೆದ ರವಿವಾರ ಭಾರತಿ ಪೇಢೆ ತಗೊಂಡು ಮನೆಗೆ ಬಂದಳು. ನನ್ನ ಹಳೆಯ ವಿದ್ಯಾರ್ಥಿನಿ, ಕೂಲಿ ಮಾಡುವ ಮನೆತನದ ಹುಡುಗಿ. ಪೋಲೀಸ್ ಭರ್ತಿಯಲ್ಲಿ ಎರಡನೇ ಸಲಕ್ಕೆ ಆಯ್ಕೆಯಾಗಿದ್ದಳು. ನನ್ನ ಎದೆ ಉಬ್ಬಿತು. ಅಷ್ಟಕ್ಕೆ ಸುಮ್ಮನಿರದೆ, "ಹೋದ ವರ್ಷ ಯಾಕ ಆಗಲಿಲ್ಲವಾ?" ಎಂದೆ.

ಅವಳು ತಲೆ ತಗ್ಗಿಸಿದಳು. "ಸಿಟ್ಟಾಗಬ್ಯಾಡ್ರಿ ಗುರೂಜಿ. ಓಟದಾಗ ನಾನ ಮುಂದಿದ್ನಿ. ಕಡೀ ಸುತ್ತಿನಾಗ ಲೇಸ ಬಿಚ್ಚಿ ಬಿದ್ನಿ. ಆಮ್ಯಾಲ ಓಟ ಕಲಿಸೋ ಮ್ಯಾಡಮ್ ನನ್ನ ಗಂಟ ನೋಡಿ, ಇದನ್ನ ಯಾರ ಕಲಿಸಿದ್ರು ಅಂತ ಕೇಳಿದ್ರು."

"ನೀ ಏನಂದಿ?"

"ನಿಮ್ಮ ಹೆಸರು ಹೇಳಲಿಲ್ರಿ."

ಚಹಾದ ಕಪ್ಪು ಕೆಳಗಿಟ್ಟೆ. ಆ ಒಂದು ವರ್ಷ ಈ ಹುಡುಗಿ ದಾಳಿಂಬೆ ತೋಟಕ್ಕೆ ಕೂಲಿಗೆ ಹೋಗಿದ್ದನ್ನು ನಾನೇ ನೋಡಿದ್ದೆ. ಕಾರಣ ನಾನೇ ಎಂದು ತಿಳಿದಿರಲಿಲ್ಲ.

ಭಾರತಿ ನನ್ನ ಬೂಟು ತಂದು ಮುಂದಿಟ್ಟಳು. "ನೋಡ್ರಿ, ಮೊದಲನೇ ಗಂಟಿಗೆ ನೀವು ಬಲಗಡೀದು ಮ್ಯಾಲ ಹಾಕ್ತೀರಿ. ಕುಣಿಕಿ ಮಾಡುವಾಗನೂ ಬಲಗಡೀದ ಮ್ಯಾಲ. ಎರಡೂ ಒಂದ ಕಡಿ ಆದ್ರ ಗಂಟು ಹೊಳ್ಳಿ ಸಡಲ ಆಗ್ತೈತ್ರಿ. ಮೊದಲನೇದಕ್ಕ ಎಡಗಡೀದು ಮ್ಯಾಲ ಹಾಕ್ರಿ."

ಅವಳು ಹಾಗೆ ಕಟ್ಟಿ ತೋರಿಸಿದಾಗ ಕುಣಿಕೆಗಳೆರಡೂ ಬೂಟಿನ ಮೇಲೆ ಅಡ್ಡಲಾಗಿ, ತೀಡಿದ ಮೀಸೆಯಂತೆ ಕೂತವು. ಅಲ್ಲಾಡಿಸಿದೆ, ಬಡಿದೆ. ಸಡಿಲಾಗಲಿಲ್ಲ.

"ಇಷ್ಟನಾ?"

"ಇಷ್ಟರಿ."

 ಇಪ್ಪತ್ತೆಂಟು ವರ್ಷ ತಪ್ಪನ್ನೇ ಕಲಿಸಿದ್ದೆ! ನನ್ನ ಕೈಯಲ್ಲಿ ಕಲಿತ ಮುಚ್ಚಂಡಿ ಬಸ್ಸಿನ ಡ್ರೈವರ, ಸೈನ್ಯಕ್ಕೆ ಸೇರಿದ ಇಬ್ಬರು, ಅವರ ಮಕ್ಕಳು, ಎಲ್ಲರೂ ನನ್ನ ಗಂಟು ಕಟ್ಟಿಕೊಂಡು ಓಡಾಡುತ್ತಿದ್ದಾರಲ್ಲ! ಅಷ್ಟರಲ್ಲಿ ನಮ್ಮಾಕಿ ಬಾಯಿ ತೆರೆದಳು: "ಅಂದ್ರ, ಮದುವಿ ದಿನ ಮಂಟಪದ ಬಾಗಲದಾಗ ನೀವು ಮುಗ್ಗರಿಸಿ ಬಿದ್ದಿದ್ದೂ ಇದಕ್ಕನ ಏನ್ರಿ? ನಾ ಇಷ್ಟು ವರ್ಷ ಅಪಶಕುನ ಅಂತ ತಿಳ್ಕೊಂಡಿದ್ನಲ್ಲ!"

"ತಪ್ಪಾತವಾ ಭಾರತಿ," ಎಂದೆ. ಅವಳು ನಕ್ಕು ನನ್ನ ಕೈಗೆ ಇನ್ನೊಂದು ಪೇಢೆ ಇಟ್ಟಳು. 

ಸೋಮವಾರ ವರ್ಗದಲ್ಲಿ ನಿಂತು, "ನಾ ತಪ್ಪು ಕಲಿಸೀನ್ರೋ" ಎಂದು ಒಪ್ಪಿಕೊಂಡೆ. ಮಕ್ಕಳು ಹೊಸ ಗಂಟನ್ನು ಹತ್ತೇ ನಿಮಿಷದಲ್ಲಿ ಕಲಿತರು. ನನ್ನ ಬೆರಳುಗಳು ಮಾತ್ರ ಇನ್ನೂ ಹಳೆಯ ದಾರಿಗೇ ಹೊರಳುತ್ತವೆ. ಹಾಗಾಗಿ ಈಗ ಹಾಜರಿ ಮುಗಿದ ಕೂಡಲೇ ಒಂದನೇ ಇಯತ್ತೆಯ ಮಕ್ಕಳೆಲ್ಲ ನನ್ನ ಕಾಲ ಸುತ್ತ ಕೂತು ಪರೀಕ್ಷೆ ಮಾಡುತ್ತಾರೆ. ನಿನ್ನೆ ಎಡಗಾಲು ಪಾಸಾಯಿತು.