ಸಾಹೇಬರ ನಾಯಿಯ ಬಾಯಿಚಪಲ

ನಾಯಿ ಸಾಕಿದವರಿಗೆ ಅದರ ಬಾಯಿ ಎಲ್ಲೆಲ್ಲಿ ಹೋಗಿ ಬಂತು ಅಂತ ಗೊತ್ತಿರೋದಿಲ್ಲ, ಸರಪಳಿ ಹಿಡಿದು ತಿರುಗಿದವನಿಗೆ ದಿನಾ ಗೊತ್ತಾಗುತ್ತೆ. ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಸರ್ಕಾರಿ ಜೀಪಿನ ಡ್ರೈವರ್. ನಮ್ಮ ಸಾಹೇಬರು ಊರೂರು ಸುತ್ತಿ ಪ್ರವಾಸಿ ಮಂದಿರಗಳಲ್ಲಿ ಕ್ಯಾಂಪ್ ಮಾಡುವವರು. ಅವರ ಜೊತೆ ಡಾಲಿ ಅನ್ನೋ ಬಿಳಿ ಪಾಮೇರಿಯನ್ ನಾಯಿಯೂ ಜೀಪು ಹತ್ತುತ್ತಿತ್ತು. ಅದನ್ನು ಬೆಳಿಗ್ಗೆ ಸಂಜೆ ವಾಕಿಂಗ್ ಮಾಡಿಸೋ ಕೆಲಸ ನನ್ನ ತಲೆಗೆ ಬಿತ್ತು. ಯಾವ ಆರ್ಡರಿನಲ್ಲೂ ಬರೆದಿರದ ಕೆಲಸ. ಈಗ ನೆನೆಸಿಕೊಂಡರೂ ಮೈ ಉರಿಯುತ್ತೆ.

ಚನ್ನಗಿರಿ: ಹುರಿಗಡಲೆ

ಮೊದಲನೇ ಕ್ಯಾಂಪು. ಬೆಳಿಗ್ಗೆ ಡಾಲಿ ಬೆಳ್ಳಿ ಬಟ್ಟಲ ಹಾಲನ್ನೂ ಬನ್ನನ್ನೂ ಮೂಸಿ ಮುಖ ತಿರುಗಿಸಿತು. "ಪಾಪ, ಹೊಸ ಜಾಗ. ಒಂದು ಸುತ್ತು ಕರ್ಕೊಂಡು ಹೋಗಿ ಬಾ" ಅಂದರು ಸಾಹೇಬರು.

ಉಬ್ರಾಣಿ ರಸ್ತೇಲಿ ಒಬ್ಬ ಅಜ್ಜಿ ಮೇಕೆ ಹೊಡಕೊಂಡು ಹೋಗ್ತಿದ್ದಳು. ಮೇಕೆಗಳು ದಾರಿಯುದ್ದಕ್ಕೂ ಹಿಕ್ಕೆ ಉದುರಿಸುತ್ತಿದ್ದವು. ಹಾಲು ಮುಟ್ಟದ ಮಹಾರಾಣಿ ಒಂದೊಂದೇ ಹಿಕ್ಕೆಯನ್ನು ಹುರಿಗಡಲೆ ಥರ ಹೆಕ್ಕಿ ಹೆಕ್ಕಿ ತಿನ್ನತೊಡಗಿತು. ನಾನು ಎಳೆದೆ, ಬೈದೆ. ಅದು ನಾಲ್ಕೂ ಕಾಲು ಊರಿ ನಿಂತಿತು.

ಅಜ್ಜಿ ತಿರುಗಿ ನೋಡಿ, "ಯಪ್ಪಾ, ಮನ್ಯಾಗೆ ಅದಕ್ಕೆ ಹೊಟ್ಟೆಗೆ ಹಾಕಾಕಿಲ್ಲೇನು?" ಅಂದಳು.

ನನಗೆ ರೇಗಿತು. "ಸುಮ್ನಿರಜ್ಜಿ! ಇದು ಸಾಹೇಬ್ರ ನಾಯಿ. ದಿನಾ ಹಾಲು, ಬನ್ನು ತಿನ್ನುತ್ತೆ."

ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಹಂಗಾರೆ ಹಾಲೂ ಬನ್ನೂ ನೀನು ತಿಂದು, ಅದನ್ನ ಇಲ್ಲಿ ಮೇಯಿಸಾಕೆ ತಂದೀಯ ಅನ್ನು" ಅಂದಳು.

ಹೊನ್ನಾಳಿ: ಸಾಕ್ಷಿ

ಹೊಳೆ ಕಡೆ ಹೋದರೆ ಹಿಕ್ಕೆ ಕಾಟ ಇರೋದಿಲ್ಲ ಅಂದುಕೊಂಡೆ. ಅಲ್ಲಿ ಒಬ್ಬ ಹೆಂಗಸು ಎಮ್ಮೆ ಸಗಣಿ ಬುಟ್ಟಿ ಇಟ್ಟುಕೊಂಡು ಕುಳ್ಳು ತಟ್ಟುತ್ತಿದ್ದಳು. ನಾನು ಬೀಡಿ ಹಚ್ಚಿಕೊಳ್ಳುವಷ್ಟರಲ್ಲಿ ಡಾಲಿ ಬುಟ್ಟಿಗೆ ಬಾಯಿ ಹಾಕಿತು. ಬಿಡಿಸಲು ಹೋದೆ. ಬುಟ್ಟಿ ಉರುಳಿ ಸಗಣಿಯೆಲ್ಲ ಹೊಳೆ ಪಾಲಾಯಿತು.

"ಮುಂಜಾನೆಯಿಂದ ಎಮ್ಮೆ ಹಿಂದೆ ತಿರುಗಿ ತಂದಿದ್ದು! ಬುಟ್ಟಿ ತುಂಬಿಸಿ ಕೊಡೋ ತನಕ ನಿನ್ನ ಬಿಡಾಕಿಲ್ಲ" ಅಂತ ಆಕೆ ಸರಪಳಿ ಕಿತ್ತುಕೊಂಡಳು. ಖಾಕಿ ತೋಳು ಮಡಚಿ ಎಮ್ಮೆಗಳ ಹಿಂದೆ ಬಿದ್ದೆ. ಹಲ್ಲು ಕಟಕಟ ಕಡಿಯುತ್ತಾ ಬುಟ್ಟಿ ತುಂಬಿಸುವ ಹೊತ್ತಿಗೆ ಸಾಹೇಬರೇ ಅಡ್ಡಾಡುತ್ತಾ ಬಂದರು. ಅಷ್ಟರಲ್ಲಿ ಡಾಲಿ ಬಾಯಿ ನೆಕ್ಕಿಕೊಂಡು ಹಾಲಿನ ಹಾಗೆ ಬೆಳ್ಳಗೆ ಕೂತಿತ್ತು.

"ಏನಯ್ಯಾ ಇದು?"

"ಡಾಲಿ ಸಗಣಿ ತಿಂತು ಸಾರ್."

ಸಾಹೇಬರು ವಿಚಾರಣೆ ನಡೆಸುವ ದನಿಯಲ್ಲಿ ಹೇಳಿದರು: "ಡಾಲಿ ತಿಂದಿದ್ದರೆ ಸಗಣಿ ಅದರ ಬಾಯಲ್ಲಿರಬೇಕು. ನಿನ್ನ ಮೊಣಕೈ ತನಕ ಯಾಕಿದೆ?"

ನ್ಯಾಮತಿ: ಗುಳಿಗೆ

ಆ ಸಲ ಅಮ್ಮಾವ್ರೂ ಬಂದಿದ್ದರು. ಡಾಲಿಗೆ ಹೊಟ್ಟೆ ಕೆಟ್ಟಿತು. ದನದ ಡಾಕ್ಟರು ನೋಡಿ, "ಜಂತುಹುಳ ಆಗಿದೆ. ಹೊರಗೆ ಸಿಕ್ಕಿದ್ದು ತಿಂದಿರಬೇಕು" ಅಂತ ಗುಳಿಗೆ ಕೊಟ್ಟರು. ಈಗಲಾದರೂ ನನ್ನ ಮಾತು ನಂಬುತ್ತಾರೆ ಅಂದುಕೊಂಡರೆ, ಸಾಹೇಬರು ನನ್ನ ಕಡೆ ತಿರುಗಿ, "ನೀನು ಏನು ತಿನ್ನಿಸಿದೆ? ಗುಳಿಗೆ ನುಂಗಿಸೋ ಜವಾಬ್ದಾರೀನೂ ನಿಂದೇ" ಅಂದರು.

ಅಮ್ಮಾವ್ರು ಹಾಲಲ್ಲಿಟ್ಟರು, ಬಾಳೆಹಣ್ಣಿನಲ್ಲಿಟ್ಟರು, ಪೇಡೆಯಲ್ಲಿಟ್ಟರು. ಡಾಲಿ ಪೇಡೆ ನುಂಗಿ ಗುಳಿಗೆ ಉಗುಳಿತು. ಸಿಟ್ಟಿನ ಭರದಲ್ಲಿ ಗುಳಿಗೆ ಎತ್ತಿಕೊಂಡು ಹಿತ್ತಲಿಗೆ ಹೋದೆ. ಬಿಸಿಬಿಸಿ ಎಮ್ಮೆ ಸಗಣೀಲಿ ಉಂಡೆ ಕಟ್ಟಿದೆ. ಗುಳುಂ ಅಂತ ನುಂಗಿ ನನ್ನ ಬೆರಳೂ ನೆಕ್ಕಿತು.

"ಹೆಂಗಪ್ಪಾ ನುಂಗಿಸಿದೆ?" ಅಮ್ಮಾವ್ರಿಗೆ ಆಶ್ಚರ್ಯ.

"ನಮ್ಮ ಕಡೆ ನಾಟಿ ಪದ್ಧತಿ, ಅಮ್ಮಾ."

"ಒಳ್ಳೇದಾಯ್ತು. ನಮ್ಮನೆಯವರೂ ಗುಳಿಗೆ ಅಂದ್ರೆ ಉಗುಳ್ತಾರೆ. ಅವರಿಗೂ ಹಂಗೇ ಮಾಡಿಕೊಡಪ್ಪಾ" ಅಂದರು.

ನನಗಿದ್ದ ಸಿಟ್ಟಿಗೆ ಇನ್ನೇನು ಹೂಂ ಅಂದುಬಿಡುತ್ತಿದ್ದೆ.

ಜಗಳೂರು: ಅಹವಾಲು

ಜಗಳೂರಿನಲ್ಲಿ ಹೊರಡುವ ಮುಂಚೆಯೇ ಸಾಹೇಬರು ಬೆರಳು ಅಲ್ಲಾಡಿಸಿ ಎಚ್ಚರಿಸಿದರು: "ಡಾಲಿ ಅದು ತಿಂತು, ಇದು ತಿಂತು ಅಂತ ಇನ್ನೊಂದು ಮಾತು ಆಡಿದರೆ ಮೆಮೊ ಕೊಡ್ತೀನಿ." ಮನೇಲಿ ಮೂರು ಮಕ್ಕಳಿದ್ದವು. ಬಾಯಿ ಹೊಲಿದುಕೊಂಡೆ.

ಪ್ರವಾಸಿ ಮಂದಿರದ ಹತ್ತಿರವೇ ಸೊಕ್ಕೆ ಕಡೆಯ ಒಬ್ಬ ರೈತ ಗೊಬ್ಬರಕ್ಕೆ ಅಂತ ಹೊಲದಲ್ಲಿ ಕುರಿ ಮಂದೆ ನಿಲ್ಲಿಸಿದ್ದ. ವಾಕಿಂಗಿಗೆ ಹೊರಟದ್ದೇ ತಡ, ಡಾಲಿ ಸರಪಳಿ ಸಮೇತ ಕಿತ್ತುಕೊಂಡು ಹೊಲಕ್ಕೆ ನುಗ್ಗಿತು. ಹಸಿ ಹಿಕ್ಕೆ ಮೇಲೆ ಮೂತಿಯಿಟ್ಟು ಒಂದು ಸಾಲು ಮುಗಿಸಿತು. ರೈತ ಕಲ್ಲು ಎತ್ತಿದ ಮೇಲೇ ವಾಪಸ್ ಓಡಿಬಂದದ್ದು.

ನಾವು ವಾಪಸ್ ಬಂದಾಗ ಪ್ರವಾಸಿ ಮಂದಿರದ ಜಗುಲೀಲಿ ಸಾಹೇಬರ ಸುತ್ತ ಊರಿನ ಹಿರಿಯರೆಲ್ಲ ಕೂತಿದ್ದರು. ಡಾಲಿ ನೇರ ಸಾಹೇಬರ ತೊಡೆ ಏರಿತು. "ಬಾ ಬಂಗಾರೀ, ಒಂದು ಮುತ್ತು ಕೊಡು" ಅಂತ ಅವರು ಬಗ್ಗಿದರು. ಗಲ್ಲ, ತುಟಿ, ಆ ದಪ್ಪ ಮೀಸೆ, ಯಾವುದನ್ನೂ ಬಿಡದೆ ಡಾಲಿ ನೆಕ್ಕಿತು. ನಾನು ಕೆಮ್ಮಿದೆ. ಸಾಹೇಬರು ಕಣ್ಣು ಕೆಂಪಗೆ ಮಾಡಿದರು. ನಾನು ಗೋಡೆ ನೋಡುತ್ತಾ ನಿಂತೆ.

ಅಷ್ಟರಲ್ಲಿ ಆ ರೈತ ಏದುಸಿರು ಬಿಡುತ್ತಾ ಬಂದು ಕೈ ಮುಗಿದ. "ಸ್ವಾಮೇರಾ, ನಿಮ್ಮ ನಾಯಿ ನಮ್ಮ ಹೊಲದ ಕುರಿ ಹಿಕ್ಕೆನೆಲ್ಲಾ ತಿಂದೈತ್ರಿ."

"ಸುಳ್ಳು!" ಸಾಹೇಬರು ಗುಡುಗಿದರು. "ಸಾಕ್ಷಿ ಏನಿದೆ?"

ರೈತ ಹೆದರಲಿಲ್ಲ. ಎರಡು ಹೆಜ್ಜೆ ಮುಂದೆ ಬಂದ. ಕಣ್ಣು ಕಿರಿದು ಮಾಡಿ ಸಾಹೇಬರ ಮುಖವನ್ನೇ ನೋಡಿದ. ಆಮೇಲೆ ಬಹಳ ಮರ್ಯಾದೆಯಿಂದ ಹೇಳಿದ:

"ಸ್ವಲ್ಪ ನಿಮ್ಮ ಮೀಸ್ಯಾಗೇ ಐತಲ್ರೀ."